ಚುಕ್ಕೆ ಮಾಯವಾದ ದಿನ

ಕರಾವಳಿಯ ಮನೆಗಳಲ್ಲಿ ಮೀನೆಂದರೆ ಮೊದಲು ನೆನಪಾಗುವುದು ಅಡುಗೆಮನೆಯೇ. ಆದುದರಿಂದ ನಮ್ಮ ನಡುಮನೆಯಲ್ಲಿರುವ ಕಡಲ ಮೀನಿನ ಗಾಜಿನ ತೊಟ್ಟಿಯನ್ನು ಕಂಡವರು ನಗೆಯಾಡುವುದರಲ್ಲಿ ಆಶ್ಚರ್ಯವಿಲ್ಲ. ಬೆಳಿಗ್ಗೆ ಬುಟ್ಟಿ ಹೊತ್ತು ಬರುವ ಮೀನು ಮಾರುವ ಹೆಂಗಸು, "ಅಕ್ಕಾ, ಇವಕ್ಕೆ ಮಸಾಲೆ ಹಚ್ಚುವುದು ಯಾವಾಗ?" ಎಂದು ಕೇಳದ ವಾರವಿಲ್ಲ. ಮೂವತ್ತನಾಲ್ಕು ವರ್ಷ ಆಸ್ಪತ್ರೆಯ ವಾರ್ಡುಗಳಲ್ಲಿ ದಾದಿಯಾಗಿ ದುಡಿದು ನಿವೃತ್ತಳಾದ ನನಗೆ, ಉಸಿರಾಡುವ ಜೀವಿಯೊಂದನ್ನು ನೋಡಿಕೊಳ್ಳುವ ಅಭ್ಯಾಸವನ್ನು ಬಿಡಲಾಗಲಿಲ್ಲ. ಮಗನು ಆಸೆಯಿಂದ ತಂದಿಟ್ಟ ತೊಟ್ಟಿಯ ಆರೈಕೆ ಕ್ರಮೇಣ ನನ್ನ ಪಾಲಿಗೆ ಬಂತು.

ಸಿಹಿನೀರಿನ ಮೀನು ಸಾಕುವುದಕ್ಕಿಂತ ಉಪ್ಪುನೀರಿನ ಮೀನು ಸಾಕುವುದು ಹೆಚ್ಚು ಎಚ್ಚರಿಕೆಯ ಕೆಲಸ. ನಮ್ಮ ತೊಟ್ಟಿ ಆರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ್ದು. ಸುಮಾರು 680 ಲೀಟರ್ ನೀರು ಹಿಡಿಸುತ್ತದೆ. ನೀರಿನ ಉಪ್ಪಿನಂಶ, ಉಷ್ಣತೆ, ಮೀನಿನ ಮಲಮೂತ್ರದಿಂದ ಉಂಟಾಗುವ ಅಮೋನಿಯಾ, ಇವೆಲ್ಲವನ್ನೂ ಅಳೆಯುತ್ತಲೇ ಇರಬೇಕು. ಹವಳದ ಗಿಡಗಳಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಗಟ್ಟಿ ಹವಳಗಳು ನಮ್ಮ ದೇಶದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ, ಅವುಗಳನ್ನು ಮನೆಯಲ್ಲಿಡುವಂತಿಲ್ಲ. ನಮ್ಮಲ್ಲಿರುವುದು ಮನುಷ್ಯನೇ ಮಾಡಿದ ಕಲ್ಲುಗಳು, ಒಂದಷ್ಟು ಶಂಖದ ಹುಳುಗಳು, ಎರಡು ಸಿಗಡಿಗಳು ಮತ್ತು ಆರು ಮೀನುಗಳು. ಆ ಆರರಲ್ಲಿ ಕಿತ್ತಳೆ ಬಣ್ಣದ ಕ್ಲೌನ್ ಮೀನುಗಳ ಜೋಡಿಯೊಂದು ಎಂಟು ವರ್ಷಗಳಿಂದ ನಮ್ಮೊಡನಿದೆ. ಮನೆಗೆ ಬರುವ ಮಕ್ಕಳು ಮೊದಲು ಹುಡುಕುವುದು ಅವುಗಳನ್ನೇ.

2024ರ ಅಕ್ಟೋಬರ್ ತಿಂಗಳಲ್ಲಿ ನಮ್ಮ ಮೊಮ್ಮಗನ ಹತ್ತನೆಯ ಹುಟ್ಟುಹಬ್ಬಕ್ಕೆಂದು ಮಗನು ಒಂದು ನೀಲಿ ಮೀನನ್ನು ತರಿಸಿದನು. ರೀಗಲ್ ಟ್ಯಾಂಗ್ ಎಂದು ಅದರ ಹೆಸರು. ಕಡು ನೀಲಿ ಮೈ, ಅದರ ಮೇಲೆ ಕಪ್ಪು ಪಟ್ಟೆ, ಹಳದಿ ಬಾಲ. 2003ರಲ್ಲಿ ಬಂದ 'ಫೈಂಡಿಂಗ್ ನೀಮೋ' ಚಲನಚಿತ್ರದಲ್ಲಿ ಮರೆಗುಳಿ ಡೋರಿಯಾಗಿ ಕಾಣಿಸಿಕೊಂಡು ಜಗತ್ತಿನ ಮಕ್ಕಳಿಗೆಲ್ಲ ಪರಿಚಿತವಾದ ಮೀನು ಅದು. ಕ್ಲೌನ್ ಮೀನುಗಳನ್ನು ಬಹಳ ಕಾಲದಿಂದ ತೊಟ್ಟಿಗಳಲ್ಲೇ ಮರಿ ಮಾಡಿಸುತ್ತಿದ್ದಾರೆ. ಈ ನೀಲಿ ಮೀನನ್ನಾದರೋ ಮೊತ್ತಮೊದಲ ಬಾರಿಗೆ ತೊಟ್ಟಿಯಲ್ಲಿ ಮರಿಯಿಂದ ಬೆಳೆಸಲು ಸಾಧ್ಯವಾದದ್ದು 2016ರಲ್ಲಿ, ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ. ಇಂದಿಗೂ ಮಾರಾಟಕ್ಕೆ ಬರುವವುಗಳಲ್ಲಿ ಹೆಚ್ಚಿನವು ಹವಳದ ದಿಬ್ಬಗಳಿಂದ ಹಿಡಿದು ತಂದವುಗಳೇ. ನಮ್ಮ ಕೈಯಲ್ಲಿ ಒಂದು ಸತ್ತರೆ ಅದರ ಸ್ಥಾನಕ್ಕೆ ಕಡಲಿನಿಂದ ಮತ್ತೊಂದನ್ನು ಹಿಡಿಯಬೇಕಾಗುತ್ತದೆ. ಹಣ ಕೊಟ್ಟು ತಂದೆವು ಎಂಬಷ್ಟಕ್ಕೆ ಹೊಣೆ ಮುಗಿಯುವುದಿಲ್ಲ.

ನಮ್ಮ ಮನೆಯಲ್ಲಿ ಹೊಸ ಮೀನು ನೇರವಾಗಿ ದೊಡ್ಡ ತೊಟ್ಟಿಗೆ ಹೋಗುವ ಪದ್ಧತಿಯಿಲ್ಲ. ಹಿಂಬದಿಯ ಕೋಣೆಯಲ್ಲಿ ಎಂಬತ್ತು ಲೀಟರಿನ ಒಂದು ಚಿಕ್ಕ ತೊಟ್ಟಿ ಇದೆ. ಅದರಲ್ಲಿ ಮರಳಿಲ್ಲ, ಕಲ್ಲಿಲ್ಲ. ಅವಿತುಕೊಳ್ಳಲು ಪ್ಲಾಸ್ಟಿಕ್ ಕೊಳವೆಯ ಎರಡು ತುಂಡುಗಳು, ಗಾಳಿಗುಳ್ಳೆ ಬಿಡುವ ಒಂದು ಸ್ಪಂಜಿನ ಶೋಧಕ, ಅಷ್ಟೇ. ಅದಕ್ಕೆ ಬಳಸಿದ ಬಲೆ, ಬಕೆಟ್, ಬಟ್ಟೆ ಯಾವುದೂ ನಡುಮನೆಗೆ ಬರಬಾರದು. ಕೆಲವು ರೋಗಾಣುಗಳು ನೀರಿನ ಸೂಕ್ಷ್ಮ ಹನಿಗಳ ಮೂಲಕ ಗಾಳಿಯಲ್ಲಿ ಸುಮಾರು ಮೂರು ಮೀಟರ್ ದೂರ ಸಾಗಬಲ್ಲವೆಂದು ಪ್ರಯೋಗಗಳಿಂದ ತಿಳಿದುಬಂದಿರುವುದರಿಂದ, ಬೇರೆ ಕೋಣೆಯೇ ಆಗಬೇಕು.

ಕ್ವಾರಂಟೈನ್ ಎಂಬ ಪದ 2020ರಲ್ಲಿ ನಮ್ಮ ಮನೆಮಾತಾಯಿತು. ಅದರ ಮೂಲ ಬಹಳ ಹಳೆಯದು. ಪ್ಲೇಗಿನ ಭೀತಿಯಿಂದ 1377ರಲ್ಲಿ ರಗೂಸಾ ನಗರ, ಅಂದರೆ ಇಂದಿನ ಕ್ರೊಯೇಷಿಯಾದ ಡುಬ್ರೋವ್ನಿಕ್, ರೋಗಪೀಡಿತ ಊರುಗಳಿಂದ ಬಂದವರನ್ನು ಮೂವತ್ತು ದಿನ ಹೊರಗಿರಿಸುವ ಕಟ್ಟಳೆಯನ್ನು ಮಾಡಿತು. ಮುಂದೆ ಆ ಅವಧಿ ನಲವತ್ತು ದಿನಗಳಾಯಿತು. ವೆನಿಸ್ಸಿನವರ ಭಾಷೆಯಲ್ಲಿ ನಲವತ್ತು ಎಂಬುದನ್ನು ಹೇಳುವ ಮಾತೇ ಕ್ವಾರಂಟೈನ್ ಆಯಿತು. ದಾದಿಯರ ಶಿಕ್ಷಣದಲ್ಲಿ ನಮಗೆ ಒಂದು ವ್ಯತ್ಯಾಸವನ್ನು ಕಲಿಸುತ್ತಿದ್ದರು. ರೋಗವಿದೆಯೆಂದು ಖಚಿತವಾದವರನ್ನು ಬೇರೆಯಿರಿಸುವುದು ಒಂದು. ಸೋಂಕು ತಗಲಿರಬಹುದಾದ, ಆದರೆ ಆರೋಗ್ಯವಾಗಿಯೇ ಕಾಣುವವರನ್ನು ಕಾದು ನೋಡುವುದು ಇನ್ನೊಂದು. ಎರಡನೆಯದೇ ಕಷ್ಟ. ಏಕೆಂದರೆ ಅಲ್ಲಿ ಎದುರಿಗಿರುವುದು ರೋಗವಲ್ಲ, ಸಂದೇಹ.

ಮೀನು ಬಂದದ್ದು ಶನಿವಾರ. ಮೂರನೆಯ ದಿನ ಸಂಜೆ, ಟಾರ್ಚನ್ನು ಪಕ್ಕದಿಂದ ಹಿಡಿದು ನೋಡುತ್ತಿದ್ದಾಗ, ಬಲಗಡೆಯ ಈಜುರೆಕ್ಕೆಯ ಮೇಲೆ ಮೂರು ಬಿಳಿಯ ಚುಕ್ಕೆಗಳು ಕಂಡವು. ಉಪ್ಪಿನ ಹರಳಿನಷ್ಟು ಗಾತ್ರ, ಸ್ವಲ್ಪ ಉಬ್ಬಿದಂತಿದ್ದವು. ಮೀನು ಒಮ್ಮೆ ಮಾತ್ರ ಕೊಳವೆಗೆ ಮೈಯುಜ್ಜಿ ಸರಿಯಿತು. ಆಹಾರವನ್ನು ಎಂದಿನಂತೆ ತಿಂದಿತು.

ಮೂರು ಚುಕ್ಕೆಗಳಿಂದ ಏನನ್ನು ನಿರ್ಣಯಿಸಬಹುದು? ಅವು ಗಾಳಿಯ ಗುಳ್ಳೆಗಳಾಗಿರಬಹುದು. ಪ್ರಯಾಣದಲ್ಲಿ ಚೀಲಕ್ಕೆ ತಾಗಿ ಆದ ತರಚು ಗಾಯಗಳಿರಬಹುದು. ಲಿಂಫೋಸಿಸ್ಟಿಸ್ ಎಂಬ ವೈರಸ್ಸಿನ ಗಂಟುಗಳಿರಬಹುದು; ಅವು ಹೂಕೋಸಿನ ಹಾಗೆ ಕಾಣುತ್ತವೆ, ವಾರಗಟ್ಟಲೆ ಒಂದೇ ಜಾಗದಲ್ಲಿದ್ದು ಹೆಚ್ಚಾಗಿ ತಾವಾಗಿಯೇ ಮಾಯುತ್ತವೆ. ಅಥವಾ ಕಡಲ ಮೀನಿನ ಬಿಳಿಚುಕ್ಕೆ ರೋಗವಿರಬಹುದು. ಇದನ್ನು ಉಂಟುಮಾಡುವ ಏಕಕೋಶ ಜೀವಿಗೆ 1951ರಲ್ಲಿ ವಿಜ್ಞಾನಿಗಳು ಕೊಟ್ಟ ಹೆಸರು ಕ್ರಿಪ್ಟೊಕ್ಯಾರಿಯಾನ್ ಇರಿಟಾನ್ಸ್. ಇವೆಲ್ಲಕ್ಕಿಂತ ಭಯಂಕರವಾದದ್ದು ವೆಲ್ವೆಟ್ ಎಂಬ ರೋಗ. ಅದರ ಕಣಗಳು ಉಪ್ಪಿನಂತಲ್ಲ, ಚಿನ್ನದ ಬಣ್ಣದ ಹಿಟ್ಟು ಉದುರಿಸಿದಂತೆ ಕಾಣುತ್ತವೆ. ಎಷ್ಟೋ ಸಲ ಅದು ಕಣ್ಣಿಗೆ ಕಾಣುವ ಮೊದಲೇ ಕಿವಿರುಗಳನ್ನು ಹೊಕ್ಕಿರುತ್ತದೆ. ಮೀನು ಏದುಸಿರು ಬಿಡುತ್ತದೆ, ಬೆಳಕಿಗೆ ಬೆನ್ನು ಮಾಡುತ್ತದೆ, ಒಂದೆರಡು ದಿನಗಳಲ್ಲಿ ಸಾಯುತ್ತದೆ.

"ಅಮ್ಮಾ, ಸುಮ್ಮನೆ ಯೋಚಿಸುವುದೇಕೆ? ತಾಮ್ರದ ಔಷಧಿ ಹಾಕಿಬಿಡೋಣ" ಎಂದನು ಮಗ. ಅವನ ಮಾತು ಅಸಂಗತವೇನಲ್ಲ. ಬಿಳಿಚುಕ್ಕೆಗೂ ವೆಲ್ವೆಟ್ಟಿಗೂ ತಾಮ್ರವು ಪರಿಣಾಮಕಾರಿ ಮದ್ದು. ಆದರೆ ಅದು ಮದ್ದಾಗುವ ಪ್ರಮಾಣ ಬಹಳ ಇಕ್ಕಟ್ಟಾದದ್ದು. ಸಾಧಾರಣ ತಾಮ್ರದ ದ್ರಾವಣವಾದರೆ ಒಂದು ಲೀಟರ್ ನೀರಿಗೆ ಸುಮಾರು 0.15ರಿಂದ 0.20 ಮಿಲಿಗ್ರಾಂ. ಅದಕ್ಕಿಂತ ಕಡಿಮೆಯಾದರೆ ರೋಗಾಣು ಸಾಯದು. ಹೆಚ್ಚಾದರೆ ಮೀನೇ ಸಾಯಬಹುದು. ಸಿಗಡಿ, ಶಂಖದ ಹುಳುಗಳಿಗಂತೂ ಅದು ವಿಷವೇ. ಪ್ರಯಾಣದಿಂದ ಬಳಲಿ ಬಂದ ಮೀನಿಗೆ, ರೋಗವೇನೆಂದು ತಿಳಿಯದೆ ವಿಷದ ಅಂಚಿನ ಮದ್ದನ್ನು ಕೊಡಲು ನನಗೆ ಮನಸ್ಸಾಗಲಿಲ್ಲ. "ಉಸಿರು ಹೆಚ್ಚಾದರೆ ಈ ಕ್ಷಣವೇ ಹಾಕೋಣ. ಅಲ್ಲಿಯತನಕ ನೋಡೋಣ" ಎಂದೆ.

ನೋಡುವುದೆಂದರೆ ಸುಮ್ಮನೆ ಕುಳಿತುಕೊಳ್ಳುವುದಲ್ಲ. ಮೊಮ್ಮಗನ ಹಳೆಯ ನೋಟುಪುಸ್ತಕದಲ್ಲಿ ಗೆರೆ ಹಾಕಿ ವಾರ್ಡಿನ ಚಾರ್ಟಿನಂತೆಯೇ ಒಂದು ಪಟ್ಟಿ ಮಾಡಿದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ: ಕಿವಿರಿನ ಬಡಿತ ನಿಮಿಷಕ್ಕೆ ಎಷ್ಟು, ಚುಕ್ಕೆಗಳು ಎಷ್ಟು ಮತ್ತು ಎಲ್ಲಿ, ಆಹಾರ ತಿಂದಿತೇ, ಮೈಯುಜ್ಜಿತೇ, ಅಮೋನಿಯಾ ಎಷ್ಟು. ಗಡಿಯಾರ ಹಿಡಿದು ಬಡಿತ ಎಣಿಸುವ ಕೆಲಸ ಮೊಮ್ಮಗನದು. ಎಂಬತ್ತು, ಎಂಬತ್ತೆರಡು, ಎಂಬತ್ತು. ನಾಲ್ಕನೆಯ ದಿನ ಚುಕ್ಕೆಗಳು ಐದಾದವು. ಒಂದು ಕಪ್ಪು ಪಟ್ಟೆಯ ಮೇಲೆ ಸ್ಪಷ್ಟವಾಗಿ ಕಂಡಿತು. ಉಸಿರು ಬದಲಾಗಲಿಲ್ಲ.

ಆರನೆಯ ದಿನ, ಗುರುವಾರ ಬೆಳಿಗ್ಗೆ, ಒಂದು ಚುಕ್ಕೆಯೂ ಇರಲಿಲ್ಲ.

ಮೊಮ್ಮಗನು ಕುಣಿದಾಡಿದನು. "ಅಜ್ಜೀ, ಗುಣವಾಯಿತು! ಶನಿವಾರ ದೊಡ್ಡ ತೊಟ್ಟಿಗೆ ಬಿಡೋಣವಲ್ಲವೇ?" ಶನಿವಾರ ಅವನ ಹುಟ್ಟುಹಬ್ಬ; ಗೆಳೆಯರೆಲ್ಲ ಬರುವವರಿದ್ದರು. ಮಗ, ಸೊಸೆ ಇಬ್ಬರ ಮುಖದಲ್ಲೂ ನೆಮ್ಮದಿ. ನನಗೆ ಮಾತ್ರ ಅದುವರೆಗೆ ಇದ್ದ ಸಂದೇಹ ನಂಬಿಕೆಯಾಗಿ ಬದಲಾದದ್ದು ಆ ಗಳಿಗೆಯಲ್ಲೇ. ಗಾಳಿಯ ಗುಳ್ಳೆಯಾಗಿದ್ದರೆ ಒಂದು ಗಂಟೆಯೂ ನಿಲ್ಲುತ್ತಿರಲಿಲ್ಲ. ತರಚು ಗಾಯವಾಗಿದ್ದರೆ ಹೊಸ ಜಾಗಗಳಲ್ಲಿ ಹುಟ್ಟಿಕೊಳ್ಳುತ್ತಿರಲಿಲ್ಲ. ವೈರಸ್ಸಿನ ಗಂಟಾಗಿದ್ದರೆ ವಾರಗಟ್ಟಲೆ ಅಲ್ಲೇ ಇರುತ್ತಿತ್ತು. ಕೆಲವು ದಿನ ಇದ್ದು, ಎಣಿಕೆಯಲ್ಲಿ ಹೆಚ್ಚಿ, ಬಳಿಕ ಒಮ್ಮೆಲೇ ಮಾಯವಾಗುವುದು ಬಿಳಿಚುಕ್ಕೆ ರೋಗದ ನಡೆ.

ಆ ಜೀವಿಯ ಬಾಳಿನ ಕ್ರಮವನ್ನು ತಿಳಿದರೆ ಇದು ಅರ್ಥವಾದೀತು. ನಮಗೆ ಚುಕ್ಕೆಯಾಗಿ ಕಾಣುವುದು ಮೀನಿನ ಚರ್ಮದೊಳಗೆ ಸೇರಿಕೊಂಡು ಅದನ್ನೇ ತಿನ್ನುತ್ತಿರುವ ಪರಾವಲಂಬಿ. ಮೂರರಿಂದ ಏಳು ದಿನ ತಿಂದು ಕೊಬ್ಬಿದ ಮೇಲೆ ಅದು ತಾನಾಗಿಯೇ ಮೀನನ್ನು ಬಿಟ್ಟು ಕೆಳಗಿಳಿಯುತ್ತದೆ. ತೊಟ್ಟಿಯ ತಳಕ್ಕೆ ಅಂಟಿಕೊಂಡು, ಸುತ್ತಲೂ ಗಟ್ಟಿ ಕವಚವನ್ನು ಕಟ್ಟಿಕೊಂಡು, ಒಳಗೊಳಗೇ ವಿಭಜನೆ ಹೊಂದುತ್ತದೆ. ಮೂರು ದಿನಗಳ ಬಳಿಕ ಯಾವಾಗ ಬೇಕಾದರೂ ಆ ಕವಚ ಒಡೆದು, ಒಂದೊಂದರಿಂದ ಇನ್ನೂರರವರೆಗೆ ಎಳೆಯ ಜೀವಿಗಳು ಈಜುತ್ತಾ ಹೊರಬರಬಹುದು. ಅವಕ್ಕೆ ಒಂದೆರಡು ದಿನಗಳೊಳಗೆ ಮೀನು ಸಿಗಲೇಬೇಕು, ಸಿಗದಿದ್ದರೆ ಸಾಯುತ್ತವೆ. ಚಿಕ್ಕ ತೊಟ್ಟಿಯಲ್ಲಿ ಮೀನು ಸಿಗದೇ ಇರುವುದುಂಟೇ? ಐದು ಚುಕ್ಕೆಗಳು ಹೋಗಿ ನೂರಾರು ಬರುವುದು ಹೀಗೆ. ಮೀನಿನ ಮೈ ಶುಭ್ರವಾಗಿ ಹೊಳೆಯುವ ಆ ಕೆಲವು ದಿನಗಳಲ್ಲೇ ರೋಗವು ಅದರ ಕಾಲಕೆಳಗೆ ಬೆಳೆಯುತ್ತಿರುತ್ತದೆ.

ಹೊಸ ಕೋಶಗಳು ಹೊರಬರಲು ಕನಿಷ್ಠ ಮೂರು ದಿನ ಬೇಕೆಂಬ ಈ ಸಂಗತಿಯಲ್ಲೇ ಮದ್ದಿಲ್ಲದ ಒಂದು ಚಿಕಿತ್ಸೆಯೂ ಇದೆ. ಮೂರು ದಿನಗಳಿಗೊಮ್ಮೆ ಮೀನನ್ನು ಸಂಪೂರ್ಣವಾಗಿ ಹೊಸ ನೀರಿನ, ಒಣಗಿಸಿ ಶುದ್ಧಗೊಳಿಸಿದ ಬೇರೊಂದು ತೊಟ್ಟಿಗೆ ಸ್ಥಳಾಂತರಿಸಬೇಕು. ಹೀಗೆ ನಾಲ್ಕು ಬಾರಿ. ಮೀನಿನಿಂದ ಉದುರಿದ ಕೋಶಗಳು ಹಿಂದಿನ ತೊಟ್ಟಿಯಲ್ಲೇ ಉಳಿದು, ಬಿಸಿಲಿಗೆ ಒಣಗಿ ನಾಶವಾಗುತ್ತವೆ. ಗುರುವಾರ ಸಂಜೆಯೇ ಮೊದಲ ಸ್ಥಳಾಂತರ ನಡೆಯಿತು. ಹಿಂದಿನ ದಿನವೇ ಉಪ್ಪು ಬೆರೆಸಿ ಸಿದ್ಧಪಡಿಸಿದ್ದ ನೀರಿನ ಉಷ್ಣತೆ ಮತ್ತು ಉಪ್ಪಿನಂಶವನ್ನು ಹಳೆಯ ನೀರಿನೊಡನೆ ಸರಿಹೊಂದಿಸಿದೆವು. ಈ ಜಾತಿಯ ಮೀನಿಗೆ ಬಾಲದ ಬುಡದಲ್ಲಿ ಚೂರಿಯಂತಹ ಮುಳ್ಳಿದೆ. ಬಲೆಗೆ ಸಿಕ್ಕಿಕೊಂಡರೆ ಗಾಯವಾಗುತ್ತದೆ. ಆದುದರಿಂದ ತೂತುಗಳಿರುವ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಎತ್ತಿ, ನೀರು ಬಸಿದು, ಹೊಸ ತೊಟ್ಟಿಗೆ ಬಿಟ್ಟೆವು. ಮೊಮ್ಮಗನು ನನ್ನೊಡನೆ ಮಾತು ಬಿಟ್ಟನು. ಗುಣವಾದ ಮೀನನ್ನು ಅಜ್ಜಿ ಸುಮ್ಮನೆ ಗೋಳಾಡಿಸುತ್ತಿದ್ದಾಳೆಂಬುದು ಅವನ ದೂರು.

ಶನಿವಾರ ಬಂತು. ಕೇಕು ಕತ್ತರಿಸಿದ ಮೇಲೆ ಮಕ್ಕಳೆಲ್ಲ ಹಿಂಬದಿಯ ಕೋಣೆಯ ಬಾಗಿಲಲ್ಲಿ ನಿಂತು ನೋಡಿದರು. ಮೀನಿನ ಮೈಮೇಲೆ ಚುಕ್ಕೆಗಳು ಮರಳಿದ್ದವು. ಅಂಗಡಿಯ ನೀರಿನಲ್ಲೋ ದಾರಿಯಲ್ಲೋ ಹೊಕ್ಕು ಒಳಗೇ ಬೆಳೆಯುತ್ತಿದ್ದವು ಈಗ ಕಣ್ಣಿಗೆ ಬಿದ್ದಿದ್ದವು. ಮೊಮ್ಮಗನೇ ಎಣಿಸಿದನು: ಇಪ್ಪತ್ತಮೂರು. ಆಮೇಲೆ ಯಾರೂ ಹೇಳದೆಯೇ ಗಡಿಯಾರ ತಂದು ಕಿವಿರಿನ ಬಡಿತವನ್ನು ಎಣಿಸಿದನು. ನೂರ ಹದಿನೆಂಟು. ಪುಸ್ತಕದಲ್ಲಿ ಬರೆದು, ನನ್ನ ಕಡೆಗೆ ನೋಡಿ, "ಅಜ್ಜೀ, ಇದು ಸಾಯುತ್ತದೆಯೇ?" ಎಂದು ಕೇಳಿದನು. ಈ ಪ್ರಶ್ನೆಯನ್ನು ನನ್ನ ಬದುಕಿನಲ್ಲಿ ಅನೇಕರು ಕೇಳಿದ್ದಾರೆ. ಸುಳ್ಳು ಭರವಸೆ ಕೊಡುವುದು ನನ್ನ ರೂಢಿಯಲ್ಲ. "ಬದುಕಬಹುದು. ನಾಳೆ ಮತ್ತೆ ತೊಟ್ಟಿ ಬದಲಿಸೋಣ" ಎಂದೆ.

ಮರುದಿನ ನನ್ನ ತಂಗಿಯ ಮಗಳು ಬಂದಳು. ಅವಳು ಪ್ರಾಣಿಶಾಸ್ತ್ರದ ಉಪನ್ಯಾಸಕಿ. ಸ್ಥಳಾಂತರದ ಸಮಯದಲ್ಲಿ, ಒದ್ದೆ ಬಟ್ಟೆಯಲ್ಲಿ ಮೀನನ್ನು ಹಿಡಿದು, ಚರ್ಮದ ಲೋಳೆಯನ್ನು ಗಾಜಿನ ಚೂರಿನ ಅಂಚಿನಿಂದ ಹಗುರವಾಗಿ ತೆಗೆದು, ಒಂದು ಹನಿ ಉಪ್ಪುನೀರಿನೊಡನೆ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಎಲ್ಲವೂ ಕೆಲವು ಸೆಕೆಂಡುಗಳ ಕೆಲಸ. ದುಂಡಗಿನ, ಕಪ್ಪಾದ ಒಂದು ಜೀವಿ ತನ್ನ ಸುತ್ತಲಿನ ಕೂದಲಿನಂತಹ ಎಳೆಗಳನ್ನು ಬಡಿಯುತ್ತಾ ನಿಧಾನವಾಗಿ ತಿರುಗುತ್ತಿತ್ತು. ಅದೇ ಬಿಳಿಚುಕ್ಕೆ. ವೆಲ್ವೆಟ್ಟಿನ ಕಣಗಳು ಹೀಗೆ ತಿರುಗುವುದಿಲ್ಲ. ಎಂಟು ದಿನಗಳ ಸಂದೇಹ ಅಂದು ಮುಗಿಯಿತು. ಹೆಸರು ತಿಳಿದ ಮೇಲೆ ರೋಗವು ಮೊದಲಿನಷ್ಟು ಹೆದರಿಸದು.

ಆ ದಿನಗಳಲ್ಲಿ ಮೀನು ಒಂಟಿಯಾಗಿ ಬರಿ ಗಾಜಿನ ಪೆಟ್ಟಿಗೆಯಲ್ಲಿರುವುದನ್ನು ಕಂಡು ಸೊಸೆ ಮರುಗುತ್ತಿದ್ದಳು. ನಡುಮನೆಯ ತೊಟ್ಟಿಯಲ್ಲಿ ಕಲ್ಲಿನ ಗುಹೆಗಳಿವೆ, ಜೊತೆಗಾರರಿದ್ದಾರೆ, ಇಲ್ಲಿ ಏನಿದೆ? ನನಗೆ ಹಿಂದೆ ಕೆಲಸ ಮಾಡಿದ ಸಾಂಕ್ರಾಮಿಕ ರೋಗಗಳ ವಾರ್ಡು ನೆನಪಾಯಿತು. ಹೊರಗಿನವರು ಅದನ್ನು ದೂರ ತಳ್ಳಿದವರ ಜಾಗವೆಂದು ತಿಳಿಯುತ್ತಿದ್ದರು. ಒಳಗೆ ದುಡಿದ ನಮಗೆ ಗೊತ್ತು, ಆಸ್ಪತ್ರೆಯ ಬೇರಾವ ಹಾಸಿಗೆಯ ಬಳಿಗೂ ನಾವು ಅಷ್ಟು ಸಲ ಹೋಗುತ್ತಿರಲಿಲ್ಲ. ಬಂಧುಗಳು ಬರುವಂತಿಲ್ಲದ ರೋಗಿಗೆ ದಾದಿಯೇ ಬಂಧು. ಈ ಮೀನಿನ ವಿಷಯದಲ್ಲೂ ಹಾಗೆಯೇ ಆಯಿತು. ದೊಡ್ಡ ತೊಟ್ಟಿಯ ಆರು ಮೀನುಗಳಿಗೆ ದಿನಕ್ಕೆ ಎರಡು ಬಾರಿ ಆಹಾರ ಹಾಕಿದರೆ ಮುಗಿಯಿತು. ಬೇರೆಯಿಟ್ಟ ಈ ಒಂದು ಮೀನಿನ ಮುಂದೆ ನಾವು ಮೂರು ಹೊತ್ತೂ ಕುಳಿತೆವು. ಒಣಗಿದ ಕಡಲ ಪಾಚಿಯನ್ನು ಚಿಮಟಿಗೆಗೆ ಸಿಕ್ಕಿಸಿ ತಿನ್ನಿಸಿದೆವು. ಬೇರೆಯಿಟ್ಟ ಜೀವಕ್ಕೆ ಹೆಚ್ಚು ಹತ್ತಿರವಾಗದಿದ್ದರೆ ಬೇರೆಯಿಡುವ ಹಕ್ಕೇ ನಮಗಿಲ್ಲ.

ಹನ್ನೊಂದನೆಯ ದಿನದಿಂದ ಚುಕ್ಕೆಗಳು ಕಡಿಮೆಯಾದವು. ಹದಿನೈದನೆಯ ದಿನ ನಾಲ್ಕನೆಯ ಸ್ಥಳಾಂತರ ಮುಗಿದಾಗ ಮೈ ಶುಭ್ರವಾಗಿತ್ತು. ಉಸಿರು ಎಂಬತ್ತಕ್ಕೆ ಇಳಿದಿತ್ತು. ಆದರೂ ಇನ್ನೂ ಮೂವತ್ತು ದಿನ ಕಾಯಬೇಕೆಂದು ನಾನು ಹೇಳಿದಾಗ ಈ ಬಾರಿ ಮೊಮ್ಮಗನು ಎದುರಾಡಲಿಲ್ಲ. "ಮಾಯವಾದರೆ ಹೋಯಿತೆಂದು ಅರ್ಥವಲ್ಲ" ಎಂದು ತನ್ನ ಅಪ್ಪನಿಗೆ ಅವನೇ ವಿವರಿಸಿದನು.

ಈ ತಾಳ್ಮೆಗೆ ಕಾರಣವಿದೆ. ಅಂಗಡಿಗಳಲ್ಲಿ ಕೆಲವರು, ಬಿಳಿಚುಕ್ಕೆ ಎಲ್ಲ ನೀರಿನಲ್ಲೂ ಇದ್ದೇ ಇರುತ್ತದೆ, ಚೆನ್ನಾಗಿ ಆಹಾರ ಕೊಟ್ಟರೆ ಸಾಕು ಎನ್ನುತ್ತಾರೆ. ಅದು ನಿಜವಲ್ಲ. ಯಾರಾದರೂ ತಂದು ಸೇರಿಸಿದರೆ ಮಾತ್ರ ಅದು ತೊಟ್ಟಿಗೆ ಬರುತ್ತದೆ. ಒಮ್ಮೆ ರೋಗ ಬಂದು ಬದುಕಿದ ಮೀನಿಗೆ ಕೆಲವು ತಿಂಗಳ ಮಟ್ಟಿಗೆ ಪ್ರತಿರೋಧ ಶಕ್ತಿ ಬರುವುದುಂಟು. ಅಂಥ ಮೀನು ಹೊರಗೆ ಆರೋಗ್ಯವಾಗಿ ಕಾಣುತ್ತಾ, ಕಿವಿರಿನಲ್ಲಿ ಒಂದೆರಡು ಪರಾವಲಂಬಿಗಳನ್ನು ಉಳಿಸಿಕೊಂಡು, ಜೊತೆಗಾರರಿಗೆ ಹಂಚುತ್ತಿರಬಹುದು. ಗುರುವಾರದ ಶುಭ್ರವಾದ ಮೈಯನ್ನು ನಂಬಿ ಶನಿವಾರ ನಡುಮನೆಯ ತೊಟ್ಟಿಗೆ ಬಿಟ್ಟಿದ್ದರೆ ಎಂಟು ವರ್ಷದ ಆ ಜೋಡಿಯೂ ಸೇರಿ ಆರು ಮೀನುಗಳನ್ನೂ ಹೊರತೆಗೆದು ಚಿಕಿತ್ಸೆ ಮಾಡಬೇಕಾಗುತ್ತಿತ್ತು. ಕವಚದೊಳಗೆ 72 ದಿನಗಳವರೆಗೆ ಕಾದು ಕುಳಿತ ಕೋಶಗಳು ದಾಖಲಾಗಿರುವುದರಿಂದ, 76 ದಿನಗಳ ಕಾಲ ತೊಟ್ಟಿಯನ್ನು ಮೀನಿಲ್ಲದೆ ಖಾಲಿ ಬಿಡುವುದು ಈ ಹವ್ಯಾಸದವರ ಕ್ರಮ. ಅಷ್ಟರೊಳಗೆ ಆರರಲ್ಲಿ ಎಷ್ಟು ಉಳಿಯುತ್ತಿದ್ದವೋ!

ನಲವತ್ತಾರನೆಯ ದಿನ ನೀಲಿ ಮೀನು ದೊಡ್ಡ ತೊಟ್ಟಿಯನ್ನು ಸೇರಿತು. ಕಲ್ಲಿನ ಸಂದಿಯೊಂದನ್ನು ತನ್ನದಾಗಿಸಿಕೊಂಡು ಇಂದಿಗೂ ಅಲ್ಲಿದೆ.

ಕ್ಷಯರೋಗಿಗಳ ನಡುವೆ ದುಡಿದ ವರ್ಷಗಳಲ್ಲಿ ನಾನು ಹೆಚ್ಚು ಹೆದರುತ್ತಿದ್ದುದು ಕೆಮ್ಮುತ್ತಿದ್ದವರಿಗಲ್ಲ. ಎರಡು ತಿಂಗಳಿಗೆ ಕೆಮ್ಮು ನಿಂತು, ಮೈ ತುಂಬಿಕೊಂಡು, "ಸಿಸ್ಟರ್, ನನಗೀಗ ಏನೂ ಇಲ್ಲ" ಎಂದು ಮಾತ್ರೆಯನ್ನು ಕೈಬಿಡುತ್ತಿದ್ದವರಿಗೆ. ಆರು ತಿಂಗಳ ಮಾತ್ರೆಯ ಕೊನೆಯ ನಾಲ್ಕು ತಿಂಗಳು ರೋಗಿಯ ಕಣ್ಣಿಗೆ ವ್ಯರ್ಥವಾಗಿ ಕಾಣುತ್ತವೆ. ಅವನನ್ನು ಉಳಿಸುವುದು ಆ ತಿಂಗಳುಗಳೇ. ಅರ್ಧಕ್ಕೆ ಬಿಟ್ಟವರಲ್ಲಿ ಕೆಲವರು, ಮದ್ದಿಗೂ ಬಗ್ಗದ ರೋಗವನ್ನು ಹೊತ್ತು, ಮನೆಯ ಮಕ್ಕಳಿಗೂ ಅಂಟಿಸಿ, ಮರಳಿ ಬಂದುದನ್ನು ಕಂಡಿದ್ದೇನೆ.

ನಮ್ಮ ಕುಟುಂಬಗಳಲ್ಲೂ ಎಷ್ಟೋ ವಿಷಯಗಳಲ್ಲಿ ಹೀಗೆಯೇ ನಡೆಯುತ್ತದೆ. ಜಗಳ ನಿಂತಿತೆಂದರೆ ಮನಸ್ತಾಪ ಹೋಯಿತೆಂದು, ಮಗು ಅಳುವುದನ್ನು ಬಿಟ್ಟಿತೆಂದರೆ ಅದರ ದುಃಖ ತೀರಿತೆಂದು, ಕುಡಿಯುವವನು ಒಂದು ವಾರ ಮುಟ್ಟಲಿಲ್ಲವೆಂದರೆ ಚಟ ಬಿಟ್ಟಿತೆಂದು ನಾವು ಬೇಗನೆ ಸಂತೋಷಪಡುತ್ತೇವೆ. ಸಂತೋಷಪಡಬಾರದೆಂದು ನಾನು ಹೇಳುವುದಿಲ್ಲ. ಆದರೆ ಹೊರಗಿನ ಗುರುತು ಅಳಿಸಿದ ದಿನವೇ ನಮ್ಮ ಗಮನವನ್ನೂ ಹಿಂದೆಗೆಯಬಾರದು. ಆಗಲೇ ಇನ್ನೊಂದಿಷ್ಟು ದಿನ ಪಕ್ಕದಲ್ಲಿ ಕುಳಿತು, ಎಣಿಸುವುದನ್ನು ಎಣಿಸುತ್ತಾ, ಬರೆಯುವುದನ್ನು ಬರೆಯುತ್ತಾ ಇರಬೇಕು. ಗುಣವಾಯಿತೆಂಬ ಮಾತನ್ನು ತಡವಾಗಿ ಹೇಳಿದರೆ ಯಾರಿಗೂ ನಷ್ಟವಿಲ್ಲ.